ಅವರ ಐತವಾರ, ನಮ್ಮ ಸೋಮವಾರ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳುವಾಗ ಸ್ವಲ್ಪ ಧ್ವನಿ ತಗ್ಗಿಸಬೇಕೆಂದು ಕೆಲವರು ನನಗೆ ಕಲಿಸಲು ನೋಡಿದ್ದಾರೆ. ನಾನು ಕಲಿತಿಲ್ಲ. ಮೆಣಸಗಿಯಿಂದ ರೋಣಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಬಿ.ಎಸ್ಸಿ. ಮುಗಿಸಿದವಳು ನಾನು. ಸೀಟು ಸಿಕ್ಕ ದಿನ ತೊಡೆಯ ಮೇಲೆ ಗಣಿತದ ಪುಸ್ತಕ, ಸಿಗದ ದಿನ ಕಂಬಿ ಹಿಡಿದು ಬಾಯಿಪಾಠ. ಸೂಟಿಯಲ್ಲಿ ಅವ್ವನ ಜೊತೆ ಟಂಟಂ ಹತ್ತಿ ಅಬ್ಬಿಗೇರಿಯ ಎರೆಹೊಲಗಳಿಗೆ ಕಡಲೆ ಕೀಳಲು ಹೋಗುತ್ತಿದ್ದೆ. ಕಡಲೆಗಿಡದ ಹುಳಿ ಅಂಗೈಯ ಸೀಳಿಗೆ ಇಳಿದರೆ ಹೇಗೆ ಉರಿಯುತ್ತದೆಂದು ಬಲ್ಲವರಿಗೆ, ಆ ಕೈಯಿಂದ ಪೆನ್ನು ಹಿಡಿಯುವುದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಿ.ಇಡಿ. ಆಯಿತು. ಕೇಂದ್ರ ಸರ್ಕಾರದ ಶಾಲೆಗಳಿಗೆ ಗಣಿತದ ಶಿಕ್ಷಕರನ್ನು ಆರಿಸುವ ಪರೀಕ್ಷೆಯಲ್ಲಿ ಮೊದಲ ಸಲ ಬಿದ್ದೆ, ಎರಡನೆಯ ಸಲ ಎದ್ದೆ. ಕೆಲಸ ಸಿಕ್ಕಿತು ಎಂದು ಓಣಿಯವರಿಗೆಲ್ಲ ಸಕ್ಕರೆ ಹಂಚಿದ ಮೇಲೆ ಊರು ಯಾವುದೆಂದು ಗೊತ್ತಾಯಿತು. ಮಿಜೋರಾಂ.

"ಅದು ನಮ್ಮ ದೇಶದಾಗ ಐತೇನವಾ?" ಎಂದು ಅಪ್ಪ ಕೇಳಿದ.

ಅವತ್ತು ಚಿಕ್ಕನರಗುಂದದಿಂದ ನನ್ನ ಸೋದರಮಾವ, ಅಂದರೆ ಅವ್ವನ ತಮ್ಮ, ಸಕ್ಕರೆ ತಿನ್ನಲು ಬಂದಿದ್ದ. ಅವನ ಕೈಯಲ್ಲಿ ಯಾವಾಗಲೂ ಮೊಬೈಲು. ಜಗತ್ತಿನ ಸುದ್ದಿಯೆಲ್ಲ ಮೊದಲು ಅವನ ಅಂಗೈಗೆ ಬಂದು ಆಮೇಲೆ ಉಳಿದವರಿಗೆ ಹೋಗುತ್ತದೆಂದು ಅವನ ನಂಬಿಕೆ.

"ಐತ್ರಿ ಮಾಮಾ, ದೇಶದ ತುದಿಗೆ ಐತಿ. ಊರಿಗೆ ಊರ ಕ್ರಿಶ್ಚನ್ನರು. ಐತವಾರ ಬಂತಂದ್ರ ಒಂದ ಅಂಗಡಿ ತೆಗ್ಯಂಗಿಲ್ಲ, ನಾಯಿ ಸೈತ ಬೊಗಳಂಗಿಲ್ಲಂತ. ಯಕ್ಕಾ, ಬರದಿಟ್ಕೋ. ಮುಂದಿನ ವರ್ಷ ನಿನ್ನ ಮಗಳು ಬಂದಾಗ ಕೊಳ್ಳಾಗ ಲಿಂಗ ಇರಂಗಿಲ್ಲ, ಕ್ರಾಸ್ ಇರತೈತಿ. ಗಜೇಂದ್ರಗಡದಾಗ ನನ್ನ ಪರಿಚಯದವರ ಖಾಸಗಿ ಸಾಲಿ ಐತಿ. ನಾ ಹೇಳಿದ್ರ ನಾಳೆನ ತೊಗೋತಾರ. ಮನಿ ರೊಟ್ಟಿ, ಮನಿ ನೀರು. ಹುಚ್ಚರಂಗ ಯಾಕ ಅಷ್ಟ ದೂರ?"

 ನಾನು ಅಪ್ಪನ ಮುಖ ನೋಡಿದೆ. ಏಳನೆಯ ಇಯತ್ತೆಗೆ ನನ್ನನ್ನು ಬಿಡಿಸಿ ಎಂದು ನೆಂಟರೆಲ್ಲ ಹೇಳಿದಾಗ "ಓದ್ಲಿ ಬಿಡ್ರಿ" ಅಂದವನು ಅಪ್ಪ ಒಬ್ಬನೇ. ಹತ್ತನೆಯದಾದ ಮೇಲೆ ಅದನ್ನೇ ಹೇಳಿದ, ಪಿಯುಸಿ ಆದ ಮೇಲೂ ಅದನ್ನೇ ಹೇಳಿದ. ಹೊಳೆಯ ನೀರು ಮನೆಗೆ ನುಗ್ಗಿ ಕಾಳಿನ ಚೀಲ ತೋಯ್ದುಹೋದ ವರ್ಷವೂ ಆ ಎರಡು ಶಬ್ದ ಬದಲಾಗಲಿಲ್ಲ.

ಈ ಸಲ ಅವನು ಬಹಳ ಹೊತ್ತು ಎಲೆ ಅಡಿಕೆ ಅಗಿದ. ಕಡೆಗೆ ಅಂದ: "ನಿಮ್ಮವ್ವ ನಿನ್ನ ಜೋಡಿ ಬರ್ತಾಳ. ದೊಡ್ಡ ಸೂಟಿ ಬರೂತನಕ ಇದ್ದು ನೋಡ್ತಾಳ. ಆಕಿ ಇಲ್ಲಿ ಬದುಕಾಕ ಆಗತೈತಿ ಅಂದ್ರ ನೌಕರಿ ಮಾಡು. ಆಗಂಗಿಲ್ಲ ಅಂದ್ಲೋ, ಇಬ್ಬರೂ ಗಂಟು ಕಟ್ಟಿಕೊಂಡ ಬರಬೇಕು. ಗಜೇಂದ್ರಗಡದ ಸಾಲಿಗೆ ಹೋಗ್ತಿ. ಮಾತು ಕೊಡು."

ಕೊಟ್ಟೆ. ಅವ್ವನೂ ಕೊಟ್ಟಳು. ಮೂರು ಸಲ ನನ್ನ ಪರವಾಗಿ ನಿಂತವನಿಗೆ ಕೊಟ್ಟ ಮಾತು ಅದು, ಮುರಿಯುವ ಪ್ರಶ್ನೆಯೇ ಇರಲಿಲ್ಲ. ಮನೆಯಲ್ಲಿ ಅಣ್ಣ ಅತ್ತಿಗೆ ಇದ್ದರು, ಅಪ್ಪನ ಊಟದ ಚಿಂತೆ ಇರಲಿಲ್ಲ. ಹೀಗೆ ನನ್ನ ನೌಕರಿ ಅವ್ವನ ಒಂದು ಮಾತಿನ ಮೇಲೆ ನಿಂತಿತು. ರೋಣದ ಸಂತೆಯ ಆಚೆಗೆ ಒಬ್ಬಳೇ ಹೋಗಿ ಗೊತ್ತಿಲ್ಲದ, ಕನ್ನಡ ಬಿಟ್ಟರೆ ಬೇರೆ ಮಾತು ಬಾರದ ಅವ್ವ!

ರೈಲು, ಮತ್ತೊಂದು ರೈಲು, ಆಮೇಲೆ ಸುತ್ತಿ ಸುತ್ತಿ ಬೆಟ್ಟ ಹತ್ತುವ ಜೀಪು. ರಾಜ್ಯದ ಗಡಿಯಲ್ಲಿ ಜೀಪು ನಿಲ್ಲಿಸಿ ಒಳಗೆ ಹೋಗುವ ಪರವಾನಗಿ ತೋರಿಸಿ ಎಂದರು. ನಾನು ಇಬ್ಬರದೂ ತೋರಿಸಿದೆ.

"ನಮ್ಮ ದೇಶದಾಗ ನಾವು ಹೋಗಾಕ ಚೀಟಿ ಯಾಕ ಬೇಕು?" ಎಂದಳು ಅವ್ವ.

"ಇದು ಇವರ ಹೊಲ ಇದ್ದಂಗ ಅವ್ವ. ಬದುವಿನ ಮ್ಯಾಲ ನಿಂತು ಕೇಳಿ ಒಳಗ ಹೋಗಬೇಕು."

ಅವ್ವನಿಗೆ ಈ ಉತ್ತರ ಒಪ್ಪಿಗೆಯಾಯಿತು. ಕೇಳದೆ ಇನ್ನೊಬ್ಬರ ಬದು ದಾಟುವವರನ್ನು ಅವಳು ಮನುಷ್ಯರೆಂದು ಎಣಿಸುವುದಿಲ್ಲ.

ಶಾಲೆಯ ವಸತಿಗೃಹಗಳ ರಿಪೇರಿ ನಡೆದಿತ್ತು. ಹಾಗಾಗಿ ಒಂದು ಮನೆಯ ಕೆಳಗಿನ ಅಂತಸ್ತು ಬಾಡಿಗೆಗೆ ಹಿಡಿದೆವು. ಆ ಊರಿನಲ್ಲಿ ಸಪಾಟು ನೆಲವೆಂಬುದೇ ಇಲ್ಲ. ರಸ್ತೆಯ ಮಟ್ಟಕ್ಕೆ ಮನೆಯ ಮೇಲಂತಸ್ತು ಬರುತ್ತದೆ, ನಮ್ಮದು ಅದರ ಕೆಳಗೆ, ಇಳಿಜಾರಿನಲ್ಲಿ ಕಂಬಗಳ ಮೇಲೆ. ನೆಲವೂ ಗೋಡೆಯೂ ಹಲಗೆಯವು. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ಚರ್ಚಿನ ಕಿಟಕಿ. ನಡುವೆ ನಾಲ್ಕು ಬಾಳೆಗಿಡ, ಅಷ್ಟೇ.

ಮನೆಯೊಡತಿ ಮಗ ಸೊಸೆಯ ಜೊತೆ ಮೇಲೆ ಇದ್ದಳು. ಅವ್ವನದೇ ವಯಸ್ಸು. ಗಂಡ ಮಿಲಿಟರಿಯಲ್ಲಿದ್ದಾಗ ಊರೂರು ತಿರುಗಿದ್ದರಿಂದ ಅವಳಿಗೆ ಮುರುಕು ಹಿಂದಿ ಬರುತ್ತಿತ್ತು. ನನ್ನದೂ ಮುರುಕೇ, ಎರಡು ಮುರುಕು ಸೇರಿ ಒಂದು ಮಾತಾಗುತ್ತಿತ್ತು. ಅಲ್ಲಿ ಹಿರಿಯ ಹೆಣ್ಣುಮಕ್ಕಳನ್ನು 'ಪೀ' ಎಂದು ಕರೆಯುತ್ತಾರೆ, ನಾವು ಅಮ್ಮ, ಅಕ್ಕಾರು ಅನ್ನುವ ಹಾಗೆ. ಅವಳು ಅವ್ವನನ್ನು 'ಪೀ' ಎಂದಳು, ಅವ್ವ ಅವಳನ್ನು 'ಯಕ್ಕಾ' ಎಂದಳು. ಇಬ್ಬರಿಗೂ ತಾನೇ ಸಣ್ಣವಳೆಂಬ ಆಸೆ.

ಮೊದಲ ವಾರ ಚೆನ್ನಾಗಿಯೇ ಹೋಯಿತು. ಐತವಾರ ಬಂತು.

ಬೆಳಿಗ್ಗೆ ಎದ್ದು ನೋಡಿದರೆ ಊರು ಉಸಿರು ಹಿಡಿದ ಹಾಗಿತ್ತು. ಅಂಗಡಿ ಇಲ್ಲ, ಗಾಡಿ ಇಲ್ಲ, ಕೂಗಿಲ್ಲ. ಗಂಟೆ ಬಾರಿಸಿತು. ಮಡಿ ಬಟ್ಟೆ ಉಟ್ಟ ಗಂಡಸರು ಹೆಂಗಸರು ಮಕ್ಕಳು ಮೆಟ್ಟಿಲು ಹತ್ತಿ ಚರ್ಚಿಗೆ ಹೋದರು. ಹಾಡು ಕೇಳಿಸಿತು, ಹಾಡಿನ ಜೊತೆ ದೊಡ್ಡ ಡೋಲಿನ ಸಪ್ಪಳ. ಎಷ್ಟು ಚೆಂದ ಹಾಡುತ್ತಾರೆಂದರೆ, ನಾನು ಬಟ್ಟೆ ಮಡಚುವುದನ್ನು ಬಿಟ್ಟು ಕಿಟಕಿಯ ಹತ್ತಿರ ನಿಂತೆ.

ಅವ್ವನಿಗೆ ಹಾಡಿಗಿಂತ ಹೊಟ್ಟೆಯ ಚಿಂತೆ. ಊರಿನಿಂದ ಹೊತ್ತುತಂದ, ನಮ್ಮ ತುಂಡು ಹೊಲದ ಜೋಳವನ್ನು ಹಿಂದಿನ ದಿನವೇ ಮಿಕ್ಸಿಯಲ್ಲಿ ಹಿಟ್ಟು ಮಾಡಿ ಇಟ್ಟಿದ್ದಳು. ಆ ವಾರವೆಲ್ಲ ಅನ್ನ ತಿಂದು ಅವಳ ನಾಲಿಗೆ ಸತ್ತಿತ್ತು. ಹಂಚು ಒಲೆಗೇರಿಸಿ, ನೀರು ಕುದಿಸಿ ಹಿಟ್ಟು ನಾದಿ, ಹಲಗೆಯನ್ನು ನೆಲದ ಮೇಲಿಟ್ಟು ರೊಟ್ಟಿ ಬಡಿಯಲು ಕುಂತಳು.

ಮೆಣಸಗಿಯಲ್ಲಿ ರೊಟ್ಟಿ ಬಡಿಯುವುದು ಒಂದು ಸಪ್ಪಳವೆಂದೇ ಯಾರಿಗೂ ಅನಿಸುವುದಿಲ್ಲ. ಬೆಳಗಾಯಿತೆಂದು ಗೊತ್ತಾಗುವುದೇ ಅದರಿಂದ. ಆದರೆ ಇಲ್ಲಿ ಹಲಗೆಯ ಕೆಳಗೆ ಮಣ್ಣಿನ ನೆಲ ಇರಲಿಲ್ಲ, ಮತ್ತೊಂದು ಹಲಗೆ ಇತ್ತು. ಅದರ ಕೆಳಗೆ ಬರೀ ಗಾಳಿ. ಅವ್ವನ ಕೈ ಬಿದ್ದ ಕೂಡಲೇ ಇಡೀ ಮನೆ ನಗಾರಿಯಾಯಿತು. ಥಪ್ ಥಪ್ ಥಪ್ ಥಪ್. ಅಷ್ಟರಲ್ಲಿ ಚರ್ಚಿನ ಹಾಡು ನಿಂತು ಎಲ್ಲರೂ ತಲೆ ಬಗ್ಗಿಸಿ ಮೌನವಾಗಿ ಪ್ರಾರ್ಥನೆಗೆ ನಿಂತಿದ್ದರಂತೆ. ಆ ಮೌನದೊಳಗೆ ನಮ್ಮ ರೊಟ್ಟಿ ಹೋಯಿತು. ಎಲ್ಲರೂ ಒಂದೇ ಸಲ ತಿರುಗಿ ಡೋಲು ಬಾರಿಸುವವನನ್ನು ದಿಟ್ಟಿಸಿದರಂತೆ. ಪಾಪ, ಅವನು ಎರಡೂ ಕೈ ಮೇಲಕ್ಕೆತ್ತಿ, ನಾನಲ್ಲ ಎಂದು ತೋರಿಸಿದನಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ಪ್ರಾರ್ಥನೆ ಮುಗಿದ ಮೇಲೆ ಮನೆಯೊಡತಿ ನಮ್ಮ ಬಾಗಿಲಿಗೆ ಬಂದಳು. ಸಿಟ್ಟಿರಲಿಲ್ಲ, ಸಂಕೋಚವಿತ್ತು. "ಪೀ, ಇವತ್ತು ಭಾನುವಾರ. ಕುಟ್ಟುವ ಒಡೆಯುವ ಕೆಲಸ ನಾವು ಇವತ್ತು ಮಾಡುವುದಿಲ್ಲ. ಕಟ್ಟಿಗೆ ಒಡೆಯುವುದಿದ್ದರೆ ನಾಳೆ ನನ್ನ ಮಗ ಒಡೆದುಕೊಡುತ್ತಾನೆ" ಎಂದಳು. ನಾನು ಕನ್ನಡದಲ್ಲಿ ಅವ್ವನಿಗೆ ಹೇಳಿದೆ.

ಅವ್ವನ ಮುಖ ಕಪ್ಪಾಯಿತು. ಮನೆಯೊಡತಿ ಹೋಗುವ ತನಕ ತಡೆದುಕೊಂಡು, ಬಾಗಿಲು ಹಾಕಿದ ಮೇಲೆ ಶುರುಮಾಡಿದಳು.

"ಕಟಗಿ ಒಡ್ಯಾಕತ್ತಿದ್ದೆನಂತ! ನಾ ಬಡದಿದ್ದು ರೊಟ್ಟಿ. ಹೊಟ್ಟಿಗೆ ತಿನ್ನೂದೂ ಪಾಪೇನ ಈ ಊರಾಗ? ನಮ್ಮ ತಮ್ಮ ಹೇಳಿದ್ದು ಖರೇನ ಆತು. ಇವತ್ತ ರೊಟ್ಟಿ ಬಿಡು ಅಂದ್ರು, ನಾಳೆ ಲಿಂಗ ಬಿಡು ಅಂತಾರ. ಗಂಟು ಕಟ್ಟವಾ. ನಿಮ್ಮಪ್ಪಗ ಫೋನ ಹಚ್ಚು, ಬರ್ತೇವಿ ಅಂತ ಹೇಳು."

ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ನನ್ನ ಎದೆಯೂ ಹಾಗೇ ಆಯಿತು. ಬಸ್ಸಿನ ಕಂಬಿ, ಕಡಲೆಯ ಹುಳಿ, ಎರಡು ಸಲ ಬರೆದ ಪರೀಕ್ಷೆ ಎಲ್ಲ ಒಂದು ರೊಟ್ಟಿಯ ಸಪ್ಪಳಕ್ಕೆ ಮುಗಿಯಬೇಕೇ?

"ಸೂಟಿತನಕ ಅಂದಾನವ್ವ ಅಪ್ಪ. ಒಂದು ವಾರಕ್ಕ ಅಲ್ಲ. ನಾ ಮಾತು ಕೊಟ್ಟೇನಿ, ನೀನೂ ಕೊಟ್ಟಿ" ಎಂದೆ.

"ಹೌದು, ಕೊಟ್ಟೇನಿ. ಸೂಟಿತನಕ ಇರ್ತೇನಿ. ಸೂಟಿ ದಿನಾ ಏನ ಹೇಳ್ತೇನಿ ಅನ್ನೂದು ಮಾತ್ರ ಈಗ ಗೊತ್ತಾತಲ್ಲ" ಎಂದು ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮುಂದಿನ ವಾರಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು. ಅವ್ವ ದಿನವೂ ಒಂದು ಹೊಸ ತಪ್ಪು ಹುಡುಕಿ ಇಡುತ್ತಿದ್ದಳು. ಈ ಊರಲ್ಲಿ ಎತ್ತಿಲ್ಲ. ಈ ಊರಲ್ಲಿ ಮೊಸರಿಗೆ ಕೆನೆ ಇಲ್ಲ. ಈ ಊರಲ್ಲಿ ಬಿಸಿಲಿಗೂ ಬಿಸಿ ಇಲ್ಲ. ಇಳಿಜಾರಿನಲ್ಲಿ ಕುಂತು ಮಾತಾಡಲು ಒಂದು ಕಟ್ಟೆ ಸೈತ ಇಲ್ಲ.

ಶಾಲೆ ಮಾತ್ರ ನನಗೆ ಕೈ ಕೊಡಲಿಲ್ಲ. ಮೊದಮೊದಲು ಮಕ್ಕಳು ಬಾಯಿಯೇ ಬಿಡುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ನಾಚಿ ಬೆಂಚಿನ ಕೆಳಗೆ ಮುಖ. ಉತ್ತರ ಗೊತ್ತಿರುತ್ತಿತ್ತು, ಎಲ್ಲರ ಮುಂದೆ ತಾನೊಬ್ಬನೇ ಹೇಳುವುದು ಅವರಿಗೆ ಸೊಕ್ಕಿನ ಹಾಗೆ ಕಾಣುತ್ತಿತ್ತು. ಒಂದು ದಿನ ನನಗೆ ಹೊಳೆಯಿತು. ಸೂತ್ರ ಹೇಳಬೇಡಿ, ಹಾಡಿ ಅಂದೆ. ನಂಬಿದರೆ ನಂಬಿ, ವರ್ಗಸಮೀಕರಣದ ಸೂತ್ರವನ್ನು ಆ ಮಕ್ಕಳು ನಾಲ್ಕು ಧ್ವನಿಯಲ್ಲಿ, ಹುಡುಗಿಯರು ಮೇಲೆ, ಹುಡುಗರು ಕೆಳಗೆ, ಹಾಡಿಬಿಟ್ಟರು. ಪಕ್ಕದ ತರಗತಿಯವರು ಕಿಟಕಿಯಲ್ಲಿ ಬಂದು ನಿಂತರು. ಆ ತಿಂಗಳ ಪರೀಕ್ಷೆಯಲ್ಲಿ ನನ್ನ ತರಗತಿ ಗಣಿತದಲ್ಲಿ ಎಲ್ಲರಿಗಿಂತ ಮುಂದೆ. ಮುಖ್ಯೋಪಾಧ್ಯಾಯರು ಶಿಕ್ಷಕರ ಕೋಣೆಗೆ ಬಂದು ಎಲ್ಲರೆದುರು "ಚೆನ್ನಾಗಿ ಮಾಡಿದಿರಿ" ಅಂದರು. ಕೂಲಿಯವರ ಮಗಳು ನಾನು, ದೇಶದ ಇನ್ನೊಂದು ತುದಿಯಲ್ಲಿ ಕುರ್ಚಿಯ ಮೇಲೆ ಕುಂತು ಅದನ್ನು ಕೇಳಿದೆ. ಸಂಜೆ ಅವ್ವನಿಗೆ ಹೇಳಿದರೆ "ಚಲೋ ಆತು" ಅಂದಳು, ಅಷ್ಟೇ.

ಅವ್ವ ದಿನಾ ಬೆಳಿಗ್ಗೆ ಮಿಂದು ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುತ್ತಾಳೆ. ಒಂದು ಬೆಳಿಗ್ಗೆ ಮನೆಯೊಡತಿ ನಮಗೆ ಸೊಪ್ಪು ಕೊಡಲು ಮೆಟ್ಟಿಲಿಳಿದು ಬಂದಳು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಅವ್ವ ಕಣ್ಣು ಕದಲಿಸದೆ ಅಂಗೈ ನೋಡುತ್ತಿದ್ದಳು. ಮನೆಯೊಡತಿ ಹೊಸ್ತಿಲಲ್ಲೇ ನಿಂತಳು, ಸೊಪ್ಪನ್ನು ಕೆಳಗಿಟ್ಟಳು, ಕಾಲಿನ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಹಲಗೆ ಕಿರುಗುಟ್ಟದ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿ ಹೋದಳು. ಪೂಜೆ ಮುಗಿದ ಮೇಲೆ ನಾನು ಇದನ್ನು ಹೇಳಿದೆ.  ಅವ್ವ ಸೊಪ್ಪು ಸೋಸುವಾಗ ಎರಡು ಸಲ ಮೇಲಂತಸ್ತಿನ ಕಡೆ ನೋಡಿದಳು.

ಆ ಐತವಾರ ಮಧ್ಯಾಹ್ನ ಮನೆಯೊಡತಿ ಬಿಸಿಲಿಗೆ ಮೈ ಕಾಯಿಸಲು ಮೆಟ್ಟಿಲ ಮೇಲೆ ಕುಂತಿದ್ದಳು, ತೊಡೆಯ ಮೇಲೆ ಅವರ ದೇವರ ಪುಸ್ತಕ. ಅವ್ವ ಹೋಗಿ ಕೆಳಗಿನ ಮೆಟ್ಟಿಲಲ್ಲಿ ಕುಂತಳು. ನನ್ನನ್ನು ಕೂಗಿದಳು.

"ಕೇಳು ಆಕಿನ್ನ. ಐತವಾರ ಕೆಲಸ ಮಾಡಬಾರದು ಅಂತ ಯಾರು ಹೇಳ್ಯಾರ? ಯಾಕ ಹೇಳ್ಯಾರ?"

ನಾನು ಕೇಳಿದೆ. ಮನೆಯೊಡತಿ ಪುಟ ತಿರುವಿ ಒಂದು ಕಡೆ ಬೆರಳಿಟ್ಟು ತನ್ನ ಭಾಷೆಯಲ್ಲಿ ಓದಿ, ಹಿಂದಿಯಲ್ಲಿ ಬಿಡಿಸಿ ಹೇಳಿದಳು. ದೇವರೇ ಹೇಳಿದ್ದು. ವಾರಕ್ಕೆ ಒಂದು ದಿನ ನೀನೂ ದುಡಿಯಬೇಡ, ಮಗನೂ ಮಗಳೂ ಬೇಡ, ಆಳುಮಕ್ಕಳೂ ಬೇಡ, ಮನೆಗೆ ಬಂದ ಪರಸ್ಥಳದವರೂ ಬೇಡ. ಎತ್ತಿಗೂ ವಿಶ್ರಾಂತಿ ಕೊಡು.

ನಾನು ಕನ್ನಡದಲ್ಲಿ ಹೇಳುತ್ತಾ ಬಂದೆ. ಕಡೆಯ ಮಾತಿಗೆ ಅವ್ವ ನನ್ನ ರಟ್ಟೆ ಹಿಡಿದಳು.

"ತಡಿ ತಡಿ. ಎತ್ತು ಅಂದ್ಲೇನ? ಎತ್ತು ಅಂತ ಅದರಾಗ ಬರದೈತೇನ?"

"ಬರದೈತಿ ಅವ್ವ."

"ಈ ಊರಾಗ ಒಂದು ಎತ್ತಿಲ್ಲ, ಆದ್ರ ದೇವರ ಪುಸ್ತಕದಾಗ ಐತಿ!" ಅವ್ವ ಎದ್ದು ನಿಂತಳು, ಮತ್ತೆ ಕುಂತಳು. "ಹೇಳವಾ ಆಕಿಗೆ. ಇದು ನಮ್ಮ ಸೋಮವಾರ!"

ನಮ್ಮ ಕಡೆ ಸೋಮವಾರ ಬಸವಣ್ಣನ ದಿನ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಗಳೆ ಹೊಡೆಯುವುದಿಲ್ಲ. ನಾನು ಅದನ್ನು ಹೇಳಿದೆ. ಅವ್ವ ಅಷ್ಟಕ್ಕೆ ಬಿಡಲಿಲ್ಲ. ನಾನೂ ಅಲ್ಲಿಯವರೆಗೆ ಕೇಳಿರದ ಒಂದು ಮಾತು ಹೇಳಿದಳು. ಅವಳ ಅಪ್ಪ ಚಿಕ್ಕನರಗುಂದದಲ್ಲಿ ಒಬ್ಬ ದೊಡ್ಡ ರೈತನ ಮನೆಯಲ್ಲಿ ಸಂಬಳಕ್ಕಿದ್ದ. ಒಂದು ವರ್ಷ ಮಳೆ ಸರಿಯಾಗಿ ಬಿದ್ದು ಹೊಲ ಬಿತ್ತನೆಗೆ ಹದವಾದದ್ದು ಸೋಮವಾರ. ಮಾಲಕ ಎತ್ತು ಹೂಡು ಅಂದ. ನನ್ನ ಅಜ್ಜ ಒಲ್ಲೆ ಅಂದ. ಮಾಲಕ ತಾನೇ ಹೂಡಿದ. ಅಜ್ಜ ಹೋಗಿ ನೊಗ ಬಿಚ್ಚಿ, ಎತ್ತುಗಳನ್ನು ಗೋದಲಿಗೆ ಕಟ್ಟಿ, ಮೇವು ಹಾಕಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಮನೆಗೆ ಬಂದುಬಿಟ್ಟ. ಆ ಕೆಲಸ ಅವತ್ತಿಗೇ ಹೋಯಿತು.

ಮನೆಯೊಡತಿ ಕೇಳಿದಳು: "ಮಳೆಯ ಹದ ಹೋಗಲಿಲ್ಲವೇ?"

"ಹದಾ ಹೋದ್ರ ಹೋತು. ಮುಂದಿನ ಮಳಿಗೆ ಬರತೈತಿ. ಎತ್ತಿನ ಶಾಪ ಹೋಗಂಗಿಲ್ಲ ಅಂತ ಹೇಳು."

ಹೇಳಿದೆ. ಆ ಹೆಂಗಸು ಪುಸ್ತಕ ಮುಚ್ಚಿ, ಅವ್ವನ ಒರಟು ಅಂಗೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದು ನಕ್ಕಳು.  ಆಮೇಲಿನ ಮಾತಿಗೆ ಅವರಿಗೆ ನಾನು ಬೇಕಾಗಲಿಲ್ಲ.

ಒಳಗೆ ಬಂದ ಮೇಲೆ ಅವ್ವ ಅಂದಳು: "ಬಸವಣ್ಣನ ದಿನಾ ಯಾರರ ನಮ್ಮನಿ ಮುಂದ ಗಳೆ ಹೊಡದ್ರ ನಾ ಸುಮ್ಮ ಇರ್ತಿದ್ದೆನೇನು? ಕೋಲು ತೊಗೊಂಡ ಹೋಗ್ತಿದ್ದೆ. ಆಕಿ ಕಟಗಿ ಒಡದು ಕೊಡ್ತೇನಿ ಅಂದ್ಲು. ಭಾಳ ಶಾಂತ ಗುಣದಾಕಿ."

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ರೊಟ್ಟಿ ಶನಿವಾರ. ಬಡಿದು, ಬೇಯಿಸಿ, ಖಡಕ್ಕಾಗುವ ತನಕ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಇಡುವುದು. ಐತವಾರ ಶೇಂಗಾ ಹಿಂಡಿ, ಮೊಸರು, ಖಡಕ್ ರೊಟ್ಟಿ. ಬಾಯಲ್ಲಿ ಮುರಿಯುವ ಸಪ್ಪಳವೊಂದು ಬಿಟ್ಟರೆ ಬೇರೆ ಸಪ್ಪಳವಿಲ್ಲ. ಆದರೂ ಅವ್ವ ಪ್ರಾರ್ಥನೆಯ ಹೊತ್ತಿಗೆ "ಮೆಲ್ಲಕ ಕಡಿಯವಾ" ಎಂದು ನನ್ನನ್ನು ಗದರುತ್ತಿದ್ದಳು.

ಇಷ್ಟಾದರೂ ಸೂಟಿಗೆ ಅವಳು ಏನು ಹೇಳುತ್ತಾಳೆಂದು ನನಗೆ ತಿಳಿದಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಚಳಿ ಶುರುವಾದ ಮೇಲೆ ಅವ್ವ ಹೆಚ್ಚು ಹೊತ್ತು ಮೇಲಂತಸ್ತಿನ ಒಲೆಯ ಹತ್ತಿರವೇ ಇರತೊಡಗಿದಳು. ಅಲ್ಲಿ ಒಂದು ಸಂಗತಿ ನೋಡಿದಳು. ಅನ್ನಕ್ಕೆ ಇಡುವ ಪ್ರತಿ ಸಲವೂ ಮನೆಯೊಡತಿ ಅಳೆದುಕೊಂಡ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ದೇವರ ಪಾಲು. ಊರಿನ ಎಲ್ಲ ಮನೆಯಲ್ಲೂ ಹೀಗೆ ಒಂದು ಡಬ್ಬಿ ಇರುತ್ತದೆ. ಚರ್ಚಿನ ಹೆಂಗಸರು ಮನೆಮನೆಗೆ ಬಂದು ಕೂಡಿದ ಅಕ್ಕಿ ಒಯ್ಯುತ್ತಾರೆ, ಅದನ್ನು ಮಾರಿ ಬಂದದ್ದು ದೇವರ ಕೆಲಸಕ್ಕೆ.

"ಇದೇನ ಹೊಸಾದು?" ಎಂದಳು ಅವ್ವ ನನಗೆ. "ನಮ್ಮ ಓಣಿಗೆ ಅಯ್ಯನವರು ಜೋಳಿಗಿ ಹಿಡಕೊಂಡ ಬರಂಗಿಲ್ಲೇನು? ಮಠಕ್ಕ ಹಿಡಿ ಜ್ವಾಳ ಹಾಕಂಗಿಲ್ಲೇನು? ಇವರು ಡಬ್ಬಿಗೆ ಹಾಕ್ತಾರ, ಅಷ್ಟ ಫರಕು."

ಮರುದಿನ ನಮ್ಮ ಅಡುಗೆಮನೆಯಲ್ಲೂ ಒಂದು ಡಬ್ಬಿ ಬಂತು. ಹಿಟ್ಟಿಗೆ ಜೋಳ ತೆಗೆಯುವಾಗಲೆಲ್ಲ ಅವ್ವ ಒಂದು ಹಿಡಿ ಅದರೊಳಗೆ ಬಿಡುತ್ತಿದ್ದಳು. ಚೀಲದಲ್ಲಿ ಜೋಳ ತಳಕ್ಕೆ ಬಂದಿತ್ತು. ನಾನು ನೆನಪಿಸಿದರೆ "ಹಿಡಿಗೆ ಬಡವರಾಗಂಗಿಲ್ಲ" ಎಂಬ ಉತ್ತರ.

ಹೆಂಗಸರು ಬಂದ ದಿನ ನಾನು ಆಗತಾನೇ ಶಾಲೆಯಿಂದ ಬಂದಿದ್ದೆ. ಮೂವರಿದ್ದರು. ಮಡಿಕೆ ಮುರಿಯದ ನೆಯ್ಗೆಯ ಸುತ್ತುಬಟ್ಟೆ, ಬಿಳಿ ಕಾಲುಚೀಲ, ಮಿರಿಮಿರಿ ಬೂಟು. ಕೈಯಲ್ಲಿ ಅಕ್ಕಿಯ ಚೀಲ. ಜೊತೆಗೆ ಮನೆಯೊಡತಿ. ಹೊಸ್ತಿಲ ಹೊರಗೆ ನಿಂತು "ಚಿಬೈ" ಎಂದರು, ಅದು ಅಲ್ಲಿಯ ನಮಸ್ಕಾರ. ನಾನು "ಬನ್ನಿ" ಅನ್ನುವಷ್ಟರಲ್ಲಿ ಅವ್ವ ಒಳಗಿನಿಂದ ತಂಬಿಗೆ ಹಿಡಿದುಕೊಂಡು ಬಂದಳು. ತಲೆಯ ಮೇಲೆ ಸೆರಗು. ದೇವರ ಪಾಲಿಗೆ ಮನೆ ಬಾಗಿಲಿಗೆ ಬಂದವರಿಗೆ ಮೆಣಸಗಿಯಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಬಗ್ಗಿದಳು, ಮುಂದಿದ್ದ ಹಿರಿಯಳ ಕಾಲಿನ ಮೇಲೆ ತಂಬಿಗೆಯ ನೀರು ಸುರಿದಳು. ಬೂಟಿನ ಮೇಲೆ. ಕಾಲುಚೀಲದ ಮೇಲೆ. ಆ ಚಳಿಯಲ್ಲಿ.

"ಅವ್ವಾ!" ಎಂದು ನಾನು ಚೀರಿದೆ. ತಡವಾಗಿತ್ತು.

 ಕಾಲುಚೀಲದಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಬೆಟ್ಟದ ಆ ಊರಿನಲ್ಲಿ ನೀರಿಗೆ ಎಷ್ಟು ಕಷ್ಟವೆಂದರೆ ಮಳೆಗಾಲದ ನೀರನ್ನೇ ಟಾಕಿಯಲ್ಲಿ ಕೂಡಿಟ್ಟು ಲೆಕ್ಕ ಮಾಡಿ ಬಳಸುತ್ತಾರೆ. ಇನ್ನೂ ಏನೂ ಅರಿಯದ ಅವ್ವ ಎರಡನೆಯವಳ ಕಡೆ ತಂಬಿಗೆ ತಿರುಗಿಸಿದಳು. ಅವಳು ಒಂದು ಹೆಜ್ಜೆ ಹಿಂದೆ ಜಿಗಿದಳು. ನಾನು ಕ್ಷಮೆ ಕೇಳುತ್ತಾ, ನಮ್ಮ ಕಡೆ ದೇವರ ಹೆಸರಿನಲ್ಲಿ ಬಂದವರ ಪಾದ ತೊಳೆಯುತ್ತಾರೆ, ಅವರು ಬರಿಗಾಲಲ್ಲಿ ಬಂದಿರುತ್ತಾರೆ ಎಂದು ತೊದಲಿದೆ. ಮನೆಯೊಡತಿ ಅದನ್ನು ಅವರ ಭಾಷೆಗೆ ತಿರುಗಿಸಿದಳು.

ಹಿರಿಯ ಹೆಂಗಸು ಅವ್ವನ ಮುಖವನ್ನು ನೋಡಿದಳು. ಆಮೇಲೆ ಬಾಗಿಲ ಮೆಟ್ಟಿಲ ಮೇಲೆ ಕುಂತು, ಬೂಟು ಬಿಚ್ಚಿದಳು, ತೋಯ್ದ ಕಾಲುಚೀಲ ಕಳೆದಳು, ಬರಿಪಾದಗಳನ್ನು ಮುಂದೆ ಚಾಚಿದಳು. ಏನೋ ಹೇಳಿದಳು. ಮನೆಯೊಡತಿಯ ಕಣ್ಣು ತುಂಬಿತು. ನನಗೆ ಹೇಳಿದಳು: "ನಮ್ಮ ಪ್ರಭು ತನ್ನ ಶಿಷ್ಯರ ಕಾಲನ್ನು ತಾನೇ ತೊಳೆದ. ಈ ಮಾತನ್ನು ಇವಳು ಹುಟ್ಟಿದಾಗಿನಿಂದ ಕೇಳುತ್ತಿದ್ದಾಳಂತೆ. ತನ್ನ ಕಾಲಿನ ತನಕ ಅದು ಬಂದದ್ದು ಇವತ್ತೇ ಅಂತೆ."

ಅವ್ವ ಆ ಪಾದಗಳನ್ನು ತೊಳೆದಳು, ಸೆರಗಿನಿಂದ ಒರೆಸಿದಳು. ಉಳಿದಿಬ್ಬರೂ ಕುಂತು ಬೂಟು ಬಿಚ್ಚಿದರು. ಆಮೇಲೆ ನಗು ಶುರುವಾಯಿತು ನೋಡಿ! ಚಳಿಗೆ ಕಾಲು ಕುಣಿಸುತ್ತಾ ಮೂವರೂ ನಮ್ಮ ಒಲೆಯ ಮುಂದೆ ಸಾಲಾಗಿ ಕುಂತರು. ಗೂಟಕ್ಕೆ ಮೂರು ಜೊತೆ ಕಾಲುಚೀಲ. ಅವ್ವ ಚಹಾ ಮಾಡಿದಳು. ಹೋಗುವಾಗ ಡಬ್ಬಿಯನ್ನು ಅವರ ಚೀಲದ ಪಕ್ಕದ ಒಂದು ಪುಡಿಕೆಗೆ ಸುರಿದಳು. ಮುತ್ತಿನಂಥ ಬಿಳಿಜೋಳ.

ಆ ಜೋಳದ ಕತೆ ಅಲ್ಲಿಗೆ ಮುಗಿಯಲಿಲ್ಲ. ಐತವಾರ ಚರ್ಚಿನಲ್ಲಿ, ಈ ಸಲ ದೇವರ ಪಾಲಿಗೆ ಕರ್ನಾಟಕದ ಒಂದು ಕಾಳೂ ಬಂದಿದೆ ಎಂದು ಎಲ್ಲರ ಮುಂದೆ ಹೇಳಿದರಂತೆ. ಅದನ್ನು ಕೊಂಡವರು ಪಾದ್ರಿಯ ಮನೆಯವರು. ಅನ್ನದ ಹಾಗೆ ಬೇಯಿಸಲು ಇಟ್ಟರು. ಕುದಿಸಿದರು, ಮತ್ತೆ ಕುದಿಸಿದರು, ಸಂಜೆಯವರೆಗೆ ಕುದಿಸಿದರು. ಕಡೆಗೆ ಪಾದ್ರಿಯ ಹೆಂಡತಿ ಅರೆಬೆಂದ ಕಾಳಿನ ಬಟ್ಟಲು ಹಿಡಿದು ನಮ್ಮ ಬಾಗಿಲಿಗೇ ಬಂದಳು. ಅವ್ವ ನಕ್ಕ ನಗೆಗೆ ಸೆರಗು ಬಾಯಿಗೆ ಒತ್ತಿಕೊಳ್ಳಬೇಕಾಯಿತು.

"ಶನಿವಾರ ಬರ್ರಿ ಅಂತ ಹೇಳವಾ. ಎಲ್ಲಾರೂ ಬರ್ರಿ."

ಬಂದರು. ನಮ್ಮ ಅಡುಗೆಮನೆ ಸಾಲದೆ ಮೇಲಂತಸ್ತಿನ ಒಲೆಯನ್ನೂ ಹಚ್ಚಿದೆವು. ಕಾಲು ತೊಳೆಸಿಕೊಂಡ ಮೂವರು, ಪಾದ್ರಿಯ ಹೆಂಡತಿ, ಅಕ್ಕಪಕ್ಕದವರು. ಅವ್ವ ಮೊದಲ ರೊಟ್ಟಿ ಬಡಿಯಲು ಶುರುಮಾಡಿದ್ದೇ ತಡ, ಬಾಗಿಲಲ್ಲಿ ನಿಂತಿದ್ದ ಒಬ್ಬ ಎತ್ತರದ ಗಂಡಸು ತಲೆಗೆ ಕೈ ಹಚ್ಚಿಕೊಂಡು ಏನೋ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೇ ಚರ್ಚಿನ ಡೋಲಿನವನು. "ಅವತ್ತು ನನ್ನ ಮಾನ ಕಳೆದದ್ದು ಇದೇ ಸಪ್ಪಳ!" ಎಂದನಂತೆ. ಪ್ರಾರ್ಥನೆಯ ಹೊತ್ತಿನ ಆ ಕತೆ ನಮಗೆ ತಿಳಿದದ್ದು ಆಗಲೇ.

ಅವನು ತಾನೂ ಬಡಿಯುತ್ತೇನೆಂದು ಹಲಗೆಯ ಮುಂದೆ ಕುಂತ. ತಾಳ ಚೆನ್ನಾಗಿತ್ತು, ರೊಟ್ಟಿ ಹರಿದು ಮೂರು ತುಂಡಾಯಿತು.

"ಡೋಲು ಬಡದಂಗ ಬಡೀಬ್ಯಾಡೋ ತಮ್ಮಾ" ಎಂದಳು ಅವ್ವ, ಅವನಿಗೆ ಕನ್ನಡ ಬರುತ್ತದೆಂಬಂತೆ. "ಒಂದು ಕೈಲೆ ಬಡಿ, ಒಂದು ಕೈಲೆ ತಿರುವು. ಹಾಂ, ಹಂಗ. ಹಿಟ್ಟಿನ ಮ್ಯಾಲ ಸಿಟ್ಟು ಮಾಡಬಾರದು."

ಅವನಿಗೆ ಅರ್ಥವಾಯಿತು. ಮುಂದಿನ ರೊಟ್ಟಿ ತಿರುಗಿತು.

ಸೂಟಿಗೆ ಇನ್ನು ಕೆಲವೇ ದಿನ ಉಳಿದಿದ್ದವು. ಒಂದು ಐತವಾರ ಬೆಳಿಗ್ಗೆ ಅಪ್ಪನ ಫೋನು ಬಂತು. ಚರ್ಚಿನ ಗಂಟೆ ಆಗತಾನೇ ನಿಂತಿತ್ತು. ನಾನು ಸ್ಪೀಕರ್ ಹಾಕಿ ಮೊಬೈಲನ್ನು ಅವ್ವನ ಮುಂದೆ ಇಟ್ಟೆ. 

"ಹ್ಯಾಂಗದೀಯಲೇ?" ಎಂದ ಅಪ್ಪ. "ಸೂಟಿ ಬಂತಲ್ಲ. ನಿಮ್ಮ ತಮ್ಮನೂ ಇಲ್ಲೇ ಬಂದು ಕುಂತಾನ. ಗಜೇಂದ್ರಗಡದ ಸಾಲಿಯವರಿಗೆ ಹೌದೋ ಅಲ್ಲೋ ಹೇಳಬೇಕಂತ. ನಿನ್ನ ಮಾತೇನು? ಅಲ್ಲಿ ಬದುಕಾಕ ಆಗತೈತೋ ಇಲ್ಲೋ?"

ಅವ್ವ ಕಿಟಕಿಯಾಚೆ ನೋಡಿದಳು. ಹಾಡು ಶುರುವಾಗಿತ್ತು.

"ನಾಳೆ ಫೋನ ಮಾಡ್ರಿ" ಎಂದಳು ದನಿ ತಗ್ಗಿಸಿ. "ಇವತ್ತ ಐತವಾರ. ಇವತ್ತ ನಾವು ವ್ಯವಹಾರದ ಮಾತು ಆಡಂಗಿಲ್ಲ."

 ಆ ಕಡೆ ಸೋದರಮಾವನ ನಗು ಸಿಡಿಯಿತು. "ಕೇಳಿದ್ರಿಲ್ಲೋ ಮಾಮಾ? 'ನಾವು' ಅಂದ್ಲು! ನಾ ಏನ ಹೇಳಿದ್ದೆ? ನಮ್ಮಕ್ಕ ಕ್ರಿಶ್ಚನ್ ಆಗಿಬಿಟ್ಟಾಳ!"

"ಏ ತಮ್ಮಾ" ಎಂದಳು ಅವ್ವ, ಇನ್ನೂ ಮೆಲ್ಲಗೆ. "ನನ್ನ ಕೊಳ್ಳಾಗ ಲಿಂಗ ಐತಿ, ದಿನಾ ಪೂಜಿ ಐತಿ. ಸೋಮವಾರ ಟ್ರ್ಯಾಕ್ಟರ್ ಹೊಡ್ಯಾಂವ ನೀನು, ನಾನಲ್ಲ. ಇಡು ಫೋನ, ಅಲ್ಲಿ ಪ್ರಾರ್ಥನಾ ನಡದೈತಿ."

ಫೋನು ಇಟ್ಟಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಸಪ್ಪಳ ಮಾಡದೆ ನಕ್ಕೆ. ಅವ್ವ ನನ್ನ ಬೆನ್ನಿಗೆ ಒಂದು ಗುದ್ದಿದಳು, ಅದೂ ಸಪ್ಪಳವಾಗದ ಹಾಗೆ.

ಸೋಮವಾರ ಅವಳೇ ಫೋನು ಹಚ್ಚಿಸಿದಳು. "ಸೂಟಿಗೆ ಬರ್ತೇವಿ" ಎಂದಳು ಅಪ್ಪನಿಗೆ. "ಗಜೇಂದ್ರಗಡದವರಿಗೆ ಬ್ಯಾರೆ ಮಾಸ್ತರ್ತಿನ್ನ ನೋಡ್ಕೋಳ್ರಿ ಅಂತ ಹೇಳಿಬಿಡ್ರಿ. ಮತ್ತ, ಎರಡು ಚೀಲ ಜ್ವಾಳ ಹಸನ ಮಾಡಿಸಿ ಇಡ್ರಿ. ಹೊಳ್ಳಿ ಬರುವಾಗ ತರ್ತೇವಿ."

"ಇಬ್ಬರಿಗೆ ಎರಡು ಚೀಲ ಯಾಕ?"

"ಒಂದು ನಮಗ. ಇನ್ನೊಂದು ಈ ಓಣಿಗೆ."

 ಅಪ್ಪ ಎಲೆ ಅಡಿಕೆ ಅಗಿಯುವುದು ಇಲ್ಲಿಯ ತನಕ ಕೇಳುತ್ತಿತ್ತು. 

"ಈ ವರ್ಷದ್ದು ಇನ್ನೂ ಒಣಗಿಲ್ಲ" ಎಂದ ಕಡೆಗೆ. "ಹೋದ ವರ್ಷದ್ದು ನೆಲದ ಹಗೇವಿನಾಗ ಐತಿ, ತೆಗಸ್ಲೇನು?"